ಕೊಯೋಟೆಯ ಹಗಲುಬೇಟೆಯೂ ಇರುಳುಬೇಟೆಯೂ

ಬೇಟೆಯ ಚರಿತ್ರೆಯನ್ನು ಬರೆದವರು ಬಿಲ್ಲುಬಾಣಗಳನ್ನೂ ಬಲೆಗಳನ್ನೂ ಬಂದೂಕುಗಳನ್ನೂ ಕುರಿತು ವಿಸ್ತಾರವಾಗಿ ಬರೆದಿರುವರು. ಬೇಟೆಯ ಹೊತ್ತನ್ನು ಕುರಿತು ಬರೆದವರು ವಿರಳ. ಮೃಗವನ್ನು ಹಗಲಿನಲ್ಲಿ ಅಟ್ಟಿಕೊಂಡು ಹೋಗಿ ಕೊಲ್ಲುವುದಕ್ಕೂ ಇರುಳಿನಲ್ಲಿ ಕಾದು ಕುಳಿತು ಕೊಲ್ಲುವುದಕ್ಕೂ ಇರುವ ಭೇದವು ಬೇಟೆಗಾರನ ಅನುಕೂಲಕ್ಕೆ ಮಾತ್ರ ಸಂಬಂಧಪಟ್ಟುದೆಂದು ಮೇಲ್ನೋಟಕ್ಕೆ ತೋರುವುದು. ಆದರೆ ಒಂದು ಮೃಗದ ವಿಷಯದಲ್ಲಿ ಈ ಭೇದವು ನೂರಾರು ವರ್ಷಗಳ ಕಾಲ ಬೆಳೆಯುತ್ತ ಬಂದು, ಸರಕಾರದ ನಿಯಮಗಳನ್ನೂ ನ್ಯಾಯಾಸ್ಥಾನವನ್ನೂ ಮುಟ್ಟಿ, ಕಡೆಗೆ ಬೇರೊಂದು ಮೃಗದ ಅಳಿವು ಉಳಿವಿನ ಪ್ರಶ್ನೆಯಾಗಿ ಪರಿಣಮಿಸಿತು. ಆ ಮೃಗವು ಉತ್ತರ ಅಮೆರಿಕದ ಕೊಯೋಟೆ.

ಕೊಯೋಟೆಯನ್ನು ಕಾಣದ ನಮ್ಮ ವಾಚಕರಿಗೆ ಅದರ ಪರಿಚಯವನ್ನು ಮೊದಲು ಮಾಡಿಕೊಡಬೇಕಾಗಿದೆ. ನಮ್ಮ ಬಯಲುಸೀಮೆಯ ನರಿಗೂ ತೋಳಕ್ಕೂ ನಡುವಣ ಒಂದು ಪ್ರಾಣಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಂಡರೆ ಸಾಕು. ಬೂದುಗೆಂಪು ಮೈ, ಚೂಪಾದ ಮೂತಿ, ಮೈಗೆ ಹೋಲಿಸಿದರೆ ದೊಡ್ಡವೆನ್ನಬಹುದಾದ ಕಿವಿಗಳು, ಓಡುವಾಗ ಕೆಳಕ್ಕೆ ಇಳಿಬಿಟ್ಟ ಬಾಲ. ತೂಕವು ಸಾಮಾನ್ಯವಾಗಿ ೯ರಿಂದ ೧೮ ಕಿಲೋಗ್ರಾಮು. ಇಲಿ, ಮೊಲ, ಸತ್ತ ದನ, ಮಿಡತೆ, ಕಾಡುಹಣ್ಣು, ಎಲ್ಲವೂ ಅದಕ್ಕೆ ಆಹಾರವೇ. ಸಮಯ ಸಿಕ್ಕಿದರೆ ಕುರಿಮರಿಯನ್ನೂ ಬಿಡುವುದಿಲ್ಲ. ಮೆಕ್ಸಿಕೋ ದೇಶದ ಮೂಲನಿವಾಸಿಗಳ ನಾಹುವಾಟ್ಲ್ ಭಾಷೆಯ ‘ಕೊಯೋಟ್ಲ್’ ಎಂಬ ಶಬ್ದವು ಸ್ಪೇನಿನವರ ಬಾಯಲ್ಲಿ ‘ಕೊಯೋಟೆ’ ಆಯಿತು. ೧೮೦೪ರಲ್ಲಿ ಮಿಸೂರಿ ನದಿಯ ದಾರಿಯಾಗಿ ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ಎಂಬ ಪರ್ಯಟಕರು ಇದನ್ನು ‘ಹುಲ್ಲುಗಾವಲಿನ ತೋಳ’ವೆಂದು ಕರೆದರು. ಅಲ್ಲಿಗೆ ಸುಮಾರು ಇಪ್ಪತ್ತು ವರ್ಷಗಳ ತರುವಾಯ, ೧೮೨೩ರಲ್ಲಿ, ಥಾಮಸ್ ಸೇ ಎಂಬ ಪ್ರಾಣಿಶಾಸ್ತ್ರಜ್ಞನು ಇದಕ್ಕೆ ‘ಕ್ಯಾನಿಸ್ ಲಾಟ್ರಾನ್ಸ್’ ಎಂದು ಶಾಸ್ತ್ರೀಯವಾದ ಹೆಸರನ್ನಿಟ್ಟನು. ‘ಬೊಗಳುವ ನಾಯಿ’ ಎಂಬುದೇ ಅದರ ಅರ್ಥ.

ಈ ಬೊಗಳಾಟವೂ ಊಳಾಟವೂ ಇರುಳಿನ ವಸ್ತುಗಳು. ಎರಡು ಕೊಯೋಟೆಗಳು ಸೇರಿ ಕೂಗಿದರೆ ಒಂದೊಂದೂ ತನ್ನ ಸ್ವರವನ್ನು ಕ್ಷಣಕ್ಷಣಕ್ಕೂ ಬದಲಾಯಿಸುವುದರಿಂದ, ಬೆಟ್ಟಗುಡ್ಡಗಳಲ್ಲಿ ಅದು ಮಾರ್ದನಿಗೊಳ್ಳುವುದರಿಂದ, ಕೇಳುವವನಿಗೆ ಒಂದು ಹಿಂಡೇ ಬಂದಂತೆ ಭಾಸವಾಗುವುದು. ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನಾಗಿದ್ದ ಗ್ರಾಂಟನು ೧೮೮೫ರಲ್ಲಿ ಪ್ರಕಟವಾದ ತನ್ನ ಆತ್ಮಕಥನದಲ್ಲಿ ಇಂಥ ಒಂದು ಪ್ರಸಂಗವನ್ನು ಹೇಳಿರುವನು. ತರುಣ ಸೈನಿಕಾಧಿಕಾರಿಯಾಗಿ ಟೆಕ್ಸಾಸಿನ ಎತ್ತರವಾದ ಹುಲ್ಲಿನ ನಡುವೆ ಕುದುರೆಯ ಮೇಲೆ ಹೋಗುತ್ತಿದ್ದಾಗ ಅವನಿಗೆ ತೋಳಗಳ ಭಯಂಕರವಾದ ಕೂಗು ಕೇಳಿಬಂದಿತು. ಎಷ್ಟು ಇರಬಹುದೆಂದು ಜೊತೆಗಾರನು ಕೇಳಲು, ಕಡಿಮೆ ಹೇಳಿದರೆ ಮಾನವುಳಿದೀತೆಂದು ‘ಇಪ್ಪತ್ತು’ ಎಂದನಂತೆ. ಹತ್ತಿರ ಹೋಗಿ ನೋಡಿದರೆ ಎರಡೇ ಪ್ರಾಣಿಗಳು ಬಾಯಿಗೆ ಬಾಯಿ ಹತ್ತಿರವಿಟ್ಟು ಕುಳಿತಿದ್ದವು. ಅವು ಹುಲ್ಲುಗಾವಲಿನ ತೋಳಗಳೋ ದೊಡ್ಡ ತೋಳಗಳೋ ಎಂಬ ಚರ್ಚೆ ಇಲ್ಲಿ ಬೇಡ. ಇರುಳಿನಲ್ಲಿಯೂ ಹುಲ್ಲಿನ ಮರೆಯಲ್ಲಿಯೂ ಕಣ್ಣಿಗೆ ಕಾಣದ ಮೃಗವು ಎಣಿಕೆಯಲ್ಲಿ ಬೆಳೆಯುವುದೆಂಬುದನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ನಡೆದ ಎಷ್ಟೋ ಅನರ್ಥಗಳಿಗೆ ಈ ತಪ್ಪೆಣಿಕೆಯೂ ಒಂದು ಬೀಜವಾಗಿತ್ತು.

ಆ ಭೂಮಿಯ ಮೂಲನಿವಾಸಿಗಳು ಕೊಯೋಟೆಯನ್ನು ದ್ವೇಷಿಸಲಿಲ್ಲ. ಆದರೆ ನಂಬಲೂ ಇಲ್ಲ. ಆಜ್ಟೆಕರ ದೇವತೆಗಳಲ್ಲಿ ‘ವೇವೇಕೊಯೋಟ್ಲ್’ ಎಂಬ ಮುದಿ ಕೊಯೋಟೆಯು ಹಾಡಿಗೂ ಕುಣಿತಕ್ಕೂ ಕುಚೇಷ್ಟೆಗೂ ಒಡೆಯನು. ಟೆಸ್ಕೋಕೋ ನಗರವನ್ನು ಆಳಿದ ಕವಿರಾಜನಾದ ನೆಜಹುವಾಲ್ಕೊಯೋಟ್ಲನ (೧೪೦೨–೧೪೭೨) ಹೆಸರಿಗೆ ‘ಉಪವಾಸವಿರುವ ಕೊಯೋಟೆ’ ಎಂದು ಅರ್ಥ. ನವಾಹೋ ಜನರ ಕಥೆಯೊಂದು ನಮ್ಮ ವಿಷಯಕ್ಕೆ ಹತ್ತಿರವಾಗಿದೆ. ಸೃಷ್ಟಿಯ ಆರಂಭದಲ್ಲಿ ದೇವನೊಬ್ಬನು ನಕ್ಷತ್ರಗಳನ್ನು ಒಂದೊಂದಾಗಿ ಆಕಾಶದಲ್ಲಿ ಕ್ರಮವಾಗಿ ಇಡುತ್ತಿದ್ದನಂತೆ. ಕೊಯೋಟೆಗೆ ತಾಳ್ಮೆ ತಪ್ಪಿ ಚೀಲವನ್ನೇ ಕಿತ್ತುಕೊಂಡು ಉಳಿದ ನಕ್ಷತ್ರಗಳನ್ನೆಲ್ಲ ಸಿಕ್ಕಾಪಟ್ಟೆ ಎರಚಿಬಿಟ್ಟಿತು. ಇರುಳಿನ ಆಕಾಶವು ಇಂದು ಇರುವಂತೆ ಇರುವುದಕ್ಕೆ ಇದೇ ಕಾರಣವೆಂದು ಅವರ ಹಿರಿಯರು ಚಳಿಗಾಲದಲ್ಲಿ ಮಾತ್ರ ಈ ಕಥೆಯನ್ನು ಹೇಳುವರು. ಕೊಯೋಟೆಯು ದಾರಿಗೆ ಅಡ್ಡಬಂದರೆ ಕೇಡೆಂದು ಅವರ ನಂಬಿಕೆ. ನಮ್ಮಲ್ಲಾದರೋ ಅದೃಷ್ಟ ಒಲಿದವನನ್ನು ‘ಬೆಳಗ್ಗೆ ನರಿಯ ಮುಖ ನೋಡಿ ಎದ್ದೆಯಾ?’ ಎಂದು ಕೇಳುವರು. ಒಂದೇ ಕುಲದ ಎರಡು ಮೃಗಗಳಿಗೆ ಎರಡು ದೇಶಗಳಲ್ಲಿ ಎಷ್ಟು ಬೇರೆಯಾದ ಮರ್ಯಾದೆ!

ಇನ್ನು ಪ್ರಸ್ತುತಕ್ಕೆ ಬರೋಣ. ಹತ್ತೊಂಬತ್ತನೆಯ ಶತಮಾನದ ಪ್ರವಾಸಿಗಳ ಬರೆಹಗಳನ್ನು ಓದಿದಾಗ ಮುಖ್ಯವಾದ ಒಂದು ಸಂಗತಿಯು ಗಮನಕ್ಕೆ ಬರುವುದು. ಅವರು ಕೊಯೋಟೆಯನ್ನು ಕಂಡದ್ದು ಬಹುಮಟ್ಟಿಗೆ ಹಗಲಿನಲ್ಲಿ. ಕಾಡೆಮ್ಮೆಗಳ ಹಿಂಡಿನ ಅಂಚಿನಲ್ಲಿ, ಬಿಡಾರಗಳ ಸುತ್ತಿನಲ್ಲಿ, ಗಾಡಿಯ ಜಾಡಿನಲ್ಲಿ ಅದು ಬಿಸಿಲಿನಲ್ಲಿಯೇ ಓಡಾಡುತ್ತಿತ್ತು. ೧೮೬೧ರಲ್ಲಿ ಅಂಚೆಯ ಗಾಡಿಯಲ್ಲಿ ನೆವಾಡಾಕ್ಕೆ ಹೋದ ಮಾರ್ಕ್ ಟ್ವೇನನು ೧೮೭೨ರಲ್ಲಿ ಬರೆದ ‘ರಫಿಂಗ್ ಇಟ್’ ಎಂಬ ಗ್ರಂಥದಲ್ಲಿ, ಬಡಕಲಾದ ಈ ಮೃಗವು ತನ್ನನ್ನು ಅಟ್ಟಿಬಂದ ನಾಯಿಯನ್ನು ಹೇಗೆ ನಗುನಗುತ್ತ ಆಟವಾಡಿಸಿ ಹಿಂದೆ ಬಿಟ್ಟು ಮಾಯವಾಯಿತೆಂಬುದನ್ನು ಹಾಸ್ಯವಾಗಿ ವರ್ಣಿಸಿದ್ದಾನೆ. ಆ ಓಟವನ್ನು ನೋಡಬೇಕಾದರೆ ಹಗಲಿರಬೇಕಷ್ಟೆ. ಕೊಯೋಟೆಯು ಸ್ವಭಾವತಃ ನಿಶಾಚರವಲ್ಲ. ಹೊತ್ತು ಮೂಡುವ, ಹೊತ್ತು ಮುಳುಗುವ ಸಂಧಿಕಾಲಗಳಲ್ಲಿ ಅದರ ಸಂಚಾರ ಹೆಚ್ಚು. ಉಳಿದಂತೆ ಹೊಟ್ಟೆ ಕರೆದಾಗ ಹಗಲೂ ಸರಿ, ಇರುಳೂ ಸರಿ.

ಹೀಗೆ ಹಗಲಿನಲ್ಲಿ ಕಾಣುವ ಮೃಗವನ್ನು ಹಗಲಿನಲ್ಲಿಯೇ ಬೇಟೆಯಾಡುವುದು ಮೊದಲಿನ ಪದ್ಧತಿಯಾಗಿತ್ತು. ಬಯಲಿನಲ್ಲಿ ಕುದುರೆಯ ಮೇಲೆ ಗ್ರೇಹೌಂಡ್ ನಾಯಿಗಳನ್ನು ಬಿಟ್ಟು ಅಟ್ಟುವುದು ಸಿರಿವಂತರ ವಿನೋದ. ಇದರಲ್ಲಿ ಬಂದೂಕಿಗೆ ಕೆಲಸವಿಲ್ಲ. ನಾಯಿಯ ಕಾಲಿಗೂ ಕೊಯೋಟೆಯ ಕಾಲಿಗೂ ಪಂದ್ಯ. ಕುದುರೆಸವಾರನು ಆ ಪಂದ್ಯಕ್ಕೆ ಸಾಕ್ಷಿ. ೧೯೦೫ರ ಏಪ್ರಿಲ್ ತಿಂಗಳಲ್ಲಿ ಅಧ್ಯಕ್ಷನಾಗಿದ್ದ ಥಿಯೊಡೋರ್ ರೂಸವೆಲ್ಟನು ಒಕ್ಲಹೋಮಾ ಪ್ರಾಂತದ ‘ಬಿಗ್ ಪಾಶ್ಚರ್’ ಎಂಬ ಹುಲ್ಲುಗಾವಲಿನಲ್ಲಿ ಇಂಥ ಬೇಟೆಯಾಡಿದನು. ಕೊಮಾಂಚೆ ಜನರ ನಾಯಕನಾದ ಕ್ವಾನಾ ಪಾರ್ಕರನೂ ಆ ತಂಡದಲ್ಲಿದ್ದನು. ಆದರೆ ಆ ದಿನಗಳ ಕಥಾನಾಯಕನು ಜಾಕ್ ಅಬರ್ನಾಥಿ ಎಂಬ ಬೇಟೆಗಾರ. ನಾಯಿಗಳು ಮುತ್ತಿದೊಡನೆಯೇ ಇವನು ಕುದುರೆಯಿಂದ ಧುಮುಕಿ, ಕಚ್ಚಲು ಬಂದ ಮೃಗದ ಬಾಯೊಳಕ್ಕೆ ಕೋರೆಹಲ್ಲುಗಳ ಹಿಂದೆ ತನ್ನ ಕೈಯನ್ನೇ ತೂರಿ, ಕೆಳದವಡೆಯನ್ನು ಬಿಗಿಹಿಡಿದು, ಅದನ್ನು ಜೀವಸಹಿತ ಎತ್ತಿಕೊಂಡು ಬರುತ್ತಿದ್ದನು. ರೂಸವೆಲ್ಟನು ಈ ಸಾಹಸಕ್ಕೆ ಮೆಚ್ಚಿ ತನ್ನ ಗ್ರಂಥದಲ್ಲಿ ಅದನ್ನು ಬರೆದುದಲ್ಲದೆ, ಮರುವರ್ಷ ಅಬರ್ನಾಥಿಯನ್ನು ಒಕ್ಲಹೋಮಾದಲ್ಲಿ ಮಾರ್ಷಲ್ ಎಂಬ ಅಧಿಕಾರದ ಹುದ್ದೆಗೆ ನೇಮಿಸಿದನು. ಬಾಯಿಗೆ ಕೈ ಹಾಕುವವನಿಗೆ ಹುದ್ದೆ ದೊರೆಯುವುದು ಎಲ್ಲ ಕಾಲಗಳಲ್ಲಿಯೂ ಇದ್ದದ್ದೇ ಎಂದು ಯಾರಾದರೂ ನಕ್ಕರೆ ನಮ್ಮ ಆಕ್ಷೇಪವಿಲ್ಲ.

ರೈತರ ಹಗಲುಬೇಟೆ ಬೇರೆ ಬಗೆಯದು. ಕಾನ್ಸಾಸ್ ಮುಂತಾದ ಸಂಸ್ಥಾನಗಳಲ್ಲಿ ಚಳಿಗಾಲದ ಒಂದು ದಿನವನ್ನು ಗೊತ್ತುಮಾಡಿ, ಸುತ್ತಣ ಊರುಗಳ ನೂರಾರು ಜನರು ಮೈಲಿಗಟ್ಟಲೆ ಅಗಲದ ಬಳೆಯಾಗಿ ನಿಂತು, ಕೂಗುತ್ತ ಒಳಕ್ಕೆ ಒಳಕ್ಕೆ ಬಂದು, ನಡುವೆ ಸಿಕ್ಕ ಕೊಯೋಟೆಗಳನ್ನು ಬಡಿದು ಕೊಲ್ಲುತ್ತಿದ್ದರು. ಅದು ಬೇಟೆಯೂ ಹೌದು, ಜಾತ್ರೆಯೂ ಹೌದು.

ಈ ಬೇಟೆಗಳಿಂದ ಕೊಯೋಟೆಯ ವಂಶಕ್ಕೆ ಅಪಾಯವೇನೂ ಆಗಲಿಲ್ಲ. ಅದರ ಮೇಲೆ ನಿಜವಾದ ಯುದ್ಧವನ್ನು ಸಾರಿದವರು ಕುರಿಯ ಒಡೆಯರು. ಕಾಡೆಮ್ಮೆಗಳು ನಾಶವಾಗಿ, ಅವುಗಳ ಸ್ಥಳದಲ್ಲಿ ಲಕ್ಷಾಂತರ ಕುರಿಗಳು ಕಾವಲಿಲ್ಲದ ಬಯಲಿನಲ್ಲಿ ಮೇಯತೊಡಗಿದಾಗ ಕೊಯೋಟೆಯು ಅಪರಾಧಿಯಾಯಿತು. ಅವರ ನಷ್ಟವು ಸುಳ್ಳಲ್ಲ. ಮರಿ ಹಾಕುವ ಕಾಲದಲ್ಲಿ ಒಂದು ರಾತ್ರಿಗೆ ಕೆಲವು ಮರಿಗಳು ಹೋದರೆ ಬಡ ಕುರಿಗಾರನಿಗೆ ಆ ವರ್ಷದ ಲಾಭವೇ ಹೋದಂತೆ. ರೊಪ್ಪದ ಬಾಗಿಲಲ್ಲಿ ಕಂಬಳಿ ಹೊದೆದು ಇರುಳು ಕಳೆದ ನಮ್ಮ ಕುರುಬರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಪರಿಹಾರವನ್ನು ಹುಡುಕಿದ ರೀತಿಯು ವಿಚಿತ್ರವಾಗಿತ್ತು. ೧೮೯೧ರಲ್ಲಿ ಕ್ಯಾಲಿಫೋರ್ನಿಯಾ ಸಂಸ್ಥಾನವು ಒಂದೊಂದು ಕೊಯೋಟೆಯ ತಲೆಚರ್ಮಕ್ಕೆ ೫ ಡಾಲರುಗಳ ಇನಾಮನ್ನು ಗೊತ್ತುಮಾಡಿತು. ನೆರೆಯ ಸಂಸ್ಥಾನಗಳಿಂದಲೂ ಮೆಕ್ಸಿಕೋವಿನಿಂದಲೂ ತಲೆಚರ್ಮಗಳು ಕ್ಯಾಲಿಫೋರ್ನಿಯಾಕ್ಕೆ ಪ್ರವಾಹದಂತೆ ಹರಿದುಬಂದವು. ಬೊಕ್ಕಸಕ್ಕೆ ತೂತು ಬಿದ್ದಿತು. ಕೆಲವೇ ವರ್ಷಗಳಲ್ಲಿ ಆ ಶಾಸನವನ್ನು ರದ್ದುಮಾಡಬೇಕಾಯಿತು. ಕೊಯೋಟೆಗಳು ಮಾತ್ರ ಇದ್ದಷ್ಟೇ ಇದ್ದವು.

ತರುವಾಯ ಕೇಂದ್ರ ಸರಕಾರವೇ ಕಣಕ್ಕೆ ಇಳಿಯಿತು. ೧೯೧೫ರಲ್ಲಿ ಹಿಂಸ್ರಪ್ರಾಣಿಗಳ ನಿವಾರಣೆಗೆಂದು ೧,೨೫,೦೦೦ ಡಾಲರುಗಳನ್ನು ಮಂಜೂರು ಮಾಡಲಾಯಿತು. ೧೯೩೧ರ ಮಾರ್ಚಿಯಲ್ಲಿ ಅಧ್ಯಕ್ಷ ಹೂವರನು ಸಹಿಮಾಡಿದ ಶಾಸನವು ಈ ಕಾರ್ಯಕ್ಕೆ ಸ್ಥಿರವಾದ ಆಧಾರವನ್ನು ಕೊಟ್ಟಿತು. ಸರಕಾರಿ ಬೇಟೆಗಾರನ ಮುಖ್ಯವಾದ ಆಯುಧವು ಬಂದೂಕಾಗಿರದೆ ವಿಷವಾಗಿತ್ತು. ಮೊದಲು ಸ್ಟ್ರಿಕ್ನೀನ್. ಇದು ನಮ್ಮ ಮಲೆನಾಡಿನಲ್ಲಿಯೂ ಬೆಳೆಯುವ ಕಾಸರಕದ ಬೀಜದಲ್ಲಿರುವ ವಿಷವೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ೧೦೮೦ ಎಂಬ ಅಂಕಿಯಿಂದ ಪ್ರಸಿದ್ಧವಾದ ಸೋಡಿಯಂ ಫ್ಲೋರೋಅಸಿಟೇಟ್ ಬಂದಿತು. ವಿಷಕ್ಕೆ ಹಗಲಿಲ್ಲ, ಇರುಳಿಲ್ಲ, ಗುರಿಯೂ ಇಲ್ಲ. ಮಾಂಸದ ತುಂಡನ್ನು ತಿಂದ ನರಿ, ಹದ್ದು, ಸಾಕುನಾಯಿ ಎಲ್ಲವೂ ಒಂದೇ ಸಾಲಿನಲ್ಲಿ ಬಿದ್ದವು. ಪ್ರಾಣಿಶಾಸ್ತ್ರಜ್ಞರು ಪ್ರತಿಭಟಿಸಿದರು. ಅನೇಕ ವರ್ಷಗಳ ವಾದವಿವಾದದ ಮೇಲೆ ೧೯೭೨ರ ಫೆಬ್ರುವರಿಯಲ್ಲಿ ಅಧ್ಯಕ್ಷ ನಿಕ್ಸನನು ಕೇಂದ್ರ ಸರಕಾರದ ಭೂಮಿಗಳಲ್ಲಿ ಇಂಥ ವಿಷಪ್ರಯೋಗವನ್ನು ನಿಲ್ಲಿಸುವಂತೆ ಆಜ್ಞೆ ಹೊರಡಿಸಿದನು. ಹಗಲಿನಲ್ಲಿ ವಿಮಾನದಿಂದ ಅಟ್ಟಿ ಸುಡುವ ಪದ್ಧತಿಗೆ ೧೯೭೧ರ ಶಾಸನವು ಕಡಿವಾಣ ಹಾಕಿತಾದರೂ, ದನಕರುಗಳ ರಕ್ಷಣೆಗೆಂದು ಸರಕಾರದ ಅನುಮತಿ ಪಡೆದವರಿಗೆ ಅವಕಾಶವನ್ನು ಉಳಿಸಿತು.

ವಿಷವು ಕೈತಪ್ಪಿದಮೇಲೆ ಬಂದೂಕಿನ ಪ್ರಾಮುಖ್ಯವು ಮತ್ತೆ ಹೆಚ್ಚಿತು. ಅದರೊಡನೆಯೇ ಹಗಲು ಮೇಲೋ ಇರುಳು ಮೇಲೋ ಎಂಬ ವಾದವೂ ಬಿಸಿಯೇರಿತು. ಇಷ್ಟರೊಳಗೆ ಬೇಟೆಯ ಕ್ರಮವೇ ಬದಲಾಗಿದ್ದಿತು. ಅಟ್ಟುವುದು ಹೋಗಿ ಕರೆಯುವುದು ಬಂದಿತ್ತು. ಗಾಯಗೊಂಡ ಮೊಲದ ಚೀರಾಟವನ್ನು ಪೀಪಿಯಿಂದ ಅನುಕರಿಸಿ ಮೃಗವನ್ನು ಹತ್ತಿರಕ್ಕೆ ಬರಮಾಡಿಕೊಳ್ಳುವ ವಿದ್ಯೆಯು ೧೯೫೦ರ ದಶಕದಿಂದ ಟೆಕ್ಸಾಸಿನಲ್ಲಿ ವಿಶೇಷವಾಗಿ ಹಬ್ಬಿತು. ಮುಂದೆ ಪೀಪಿಯ ಜಾಗಕ್ಕೆ ಧ್ವನಿಮುದ್ರಿಕೆಗಳೂ ವಿದ್ಯುದ್ಯಂತ್ರಗಳೂ ಬಂದವು.

ಹಗಲಿನಲ್ಲಿ ಕರೆಯುವವನು ಮೊದಲು ಗಾಳಿಯನ್ನು ನೋಡಬೇಕು. ಕೊಯೋಟೆಯು ಕಿವಿಯನ್ನು ನಂಬಿ ಬರುವುದು, ಆದರೆ ಮೂಗಿನ ಸಾಕ್ಷಿ ಸಿಗುವ ತನಕ ಹತ್ತಿರಕ್ಕೆ ಬಾರದು. ಅದು ಒಂದು ಸುತ್ತು ಹಾಕಿ ಗಾಳಿಯ ಕೆಳಬದಿಯಿಂದಲೇ ಸಮೀಪಿಸುವುದು. ಆದಕಾರಣ ಬೇಟೆಗಾರನು ಬೆನ್ನಿಗೆ ಸೂರ್ಯನನ್ನಿಟ್ಟುಕೊಂಡು, ಪೊದೆಯ ನೆರಳಿನಲ್ಲಿ, ಕೈಕಾಲು ಅಲುಗಿಸದೆ, ಗಾಳಿಯ ಕೆಳಬದಿಯ ಬಯಲು ಕಾಣುವಂತೆ ಕುಳಿತುಕೊಳ್ಳುವನು. ಕಾಣುವುದು ಇಬ್ಬರಿಗೂ ಸಮಾನ. ಮೃಗವು ಇವನನ್ನು ಮೊದಲು ಕಂಡರೆ ಬೇಟೆ ಮುಗಿಯಿತು. ಇರುಳಿನಲ್ಲಿ ಈ ಸಮಾನತೆಯು ತಪ್ಪುವುದು. ಕತ್ತಲೆಯು ಮನುಷ್ಯನ ಆಕಾರವನ್ನು ಮುಚ್ಚುವುದು. ಮೃಗವು ಧೈರ್ಯದಿಂದ ಬಯಲಿಗೆ ಬರುವುದು. ಅದರ ಕಣ್ಣಿನ ಹಿಂಬದಿಯಲ್ಲಿ ಕನ್ನಡಿಯಂಥ ಪೊರೆಯೊಂದಿದ್ದು ದೀಪದ ಬೆಳಕು ಅಲ್ಲಿಂದ ಹಿಂದಿರುಗುವುದರಿಂದ ಎರಡು ಕಣ್ಣುಗಳು ಕೆಂಡಗಳಂತೆ ದೂರದಿಂದಲೇ ಹೊಳೆಯುವುವು. ನಾಯಿಯ ಕುಲದ ಪ್ರಾಣಿಗಳಿಗೆ ಕೆಂಪು ಬೆಳಕು ಮನುಷ್ಯನಿಗೆ ಕಾಣುವಷ್ಟು ಚೆನ್ನಾಗಿ ಕಾಣದು. ಇದನ್ನು ತಿಳಿದ ಬೇಟೆಗಾರರು ದೀಪಕ್ಕೆ ಕೆಂಪು ಗಾಜನ್ನು ಹಾಕಿದರು. ೧೯೪೫ರಲ್ಲಿ ಅಮೆರಿಕದ ಸೈನಿಕರು ಒಕಿನಾವಾ ದ್ವೀಪದಲ್ಲಿ ಉಪಯೋಗಿಸಿದ ಇರುಳುಗನ್ನಡಿಯ ವಂಶದ ಯಂತ್ರಗಳೂ, ಮೈಯ ಶಾಖವನ್ನೇ ಚಿತ್ರವಾಗಿ ತೋರಿಸುವ ದುರ್ಬೀನುಗಳೂ ಇಪ್ಪತ್ತೊಂದನೆಯ ಶತಮಾನದಲ್ಲಿ ಸಾಮಾನ್ಯ ಬೇಟೆಗಾರನ ಕೈಗೆ ಬಂದಮೇಲೆ ದೀಪವೂ ಬೇಡವಾಯಿತು.

ಇರುಳಿನಲ್ಲಿ ಜಿಂಕೆಯನ್ನು ದೀಪಕ್ಕೆ ಮರುಳುಗೊಳಿಸಿ ಕೊಲ್ಲುವುದು ಅಮೆರಿಕದಲ್ಲಿ ಅಪರಾಧ. ಕೊಯೋಟೆಗೆ ಆ ರಕ್ಷಣೆಯು ಅನೇಕ ಸಂಸ್ಥಾನಗಳಲ್ಲಿ ದೊರೆಯಲಿಲ್ಲ. ಅದು ಬೇಟೆಯ ಮೃಗವಲ್ಲ, ಪೀಡೆಯೆಂಬುದು ಅದಕ್ಕೆ ಕೊಟ್ಟ ಕಾರಣ. ಇರುಳುಬೇಟೆಯ ಪಕ್ಷದವರು ಹೇಳುವುದು ಇಷ್ಟು: ಕೊಯೋಟೆಯು ಇರುಳಿನಲ್ಲಿ ತಿರುಗುವುದು, ಇರುಳಿನಲ್ಲಿ ಕುರಿಯನ್ನು ಕೊಲ್ಲುವುದು, ಆದ್ದರಿಂದ ಇರುಳಿನಲ್ಲಿಯೇ ಅದನ್ನು ಎದುರಿಸಬೇಕು. ಕೇಳುವುದಕ್ಕೆ ಇದು ನ್ಯಾಯವಾಗಿಯೇ ಇದೆ. ಆದರೆ ಹಗಲಿನಲ್ಲಿ ತಿರುಗುತ್ತಿದ್ದ ಮೃಗವು ಇರುಳಿನದಾದುದು ಹೇಗೆ? ಈ ಪ್ರಶ್ನೆಯನ್ನು ಬಹುಕಾಲ ಯಾರೂ ಕೇಳಲಿಲ್ಲ.

ಉತ್ತರವು ಕೊಲರಾಡೋ ಸಂಸ್ಥಾನದ ಆಗ್ನೇಯ ಭಾಗದಿಂದ ಬಂದಿತು. ಅಲ್ಲಿನ ಪಿನ್ಯೋನ್ ಕ್ಯಾನಿಯನ್ ಎಂಬ ವಿಶಾಲವಾದ ಒಣಭೂಮಿಯನ್ನು ಸೈನ್ಯವು ಕವಾಯಿತಿಗಾಗಿ ದನಗಾರರಿಂದ ಕೊಂಡಿತು. ೧೯೮೦ರ ದಶಕದಲ್ಲಿ ಎರಿಕ್ ಗೀಸ್ ಮೊದಲಾದ ಶಾಸ್ತ್ರಜ್ಞರು ಅಲ್ಲಿಯ ಕೊಯೋಟೆಗಳ ಕೊರಳಿಗೆ ರೇಡಿಯೋ ಪಟ್ಟಿಗಳನ್ನು ಕಟ್ಟಿ ಅವುಗಳ ಸಂಚಾರವನ್ನು ಗುರುತಿಸಿದ್ದರು. ಆಗ ಆ ಮೃಗಗಳಿಗೆ ಮನುಷ್ಯನ ಕಾಟ ತಪ್ಪಿರಲಿಲ್ಲ. ಅವುಗಳ ಓಡಾಟವು ಹೆಚ್ಚಾಗಿ ಇರುಳಿನದಾಗಿತ್ತು. ಅನಂತರ ಕೊಲ್ಲುವುದು ನಿಂತಿತು. ಸುಮಾರು ಎಂಟು ವರ್ಷಗಳು ಕಳೆದಮೇಲೆ ಅದೇ ಭೂಮಿಯಲ್ಲಿ ಮತ್ತೆ ಪಟ್ಟಿ ಕಟ್ಟಿ ನೋಡಿದರು. ಕೊಯೋಟೆಗಳು ಹಗಲಿನಲ್ಲಿ ಹಿಂದಿಗಿಂತ ಹೆಚ್ಚಾಗಿ ತಿರುಗುತ್ತಿದ್ದುವು! ೨೦೦೦ದಲ್ಲಿ ಪ್ರಕಟವಾದ ಈ ಸಂಶೋಧನೆಯು ಕೆಲವೇ ಪುಟಗಳಷ್ಟಿದ್ದರೂ, ಈ ಲೇಖಕನ ಮತದಲ್ಲಿ, ಬೇಟೆಯ ಚರಿತ್ರೆಯಲ್ಲಿ ಅದಕ್ಕೆ ದೊಡ್ಡ ಸ್ಥಾನವುಂಟು. ನೆಲ ಅದೇ, ಮೃಗದ ಜಾತಿ ಅದೇ. ಬದಲಾದ ಮುಖ್ಯ ಸಂಗತಿಯೆಂದರೆ ಮನುಷ್ಯನ ನಡತೆ. ಎಂಟು ವರ್ಷಗಳೆಂದರೆ ಕಾಡಿನ ಕೊಯೋಟೆಗೆ ಒಂದು ತಲೆಮಾರಿಗಿಂತ ಹೆಚ್ಚು. ಭಯವನ್ನು ಕಲಿಯದ ಮಕ್ಕಳು ಅಜ್ಜಂದಿರು ಬಿಟ್ಟುಕೊಟ್ಟಿದ್ದ ಬಿಸಿಲನ್ನು ಮತ್ತೆ ವಶಪಡಿಸಿಕೊಂಡವು.

ಇದು ಕೊಯೋಟೆಯೊಂದರ ಕಥೆಯೂ ಅಲ್ಲ. ೨೦೧೮ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕೇಟ್ಲಿನ್ ಗೇನರ್ ಮತ್ತು ಅವರ ಸಂಗಡಿಗರು ಆರು ಖಂಡಗಳಲ್ಲಿ ನಡೆದ ೭೬ ಅಧ್ಯಯನಗಳನ್ನು ಒಟ್ಟುಗೂಡಿಸಿ, ೬೨ ಜಾತಿಯ ಸಸ್ತನಿಗಳು ಮನುಷ್ಯನ ಸಮೀಪದಲ್ಲಿ ಹೇಗೆ ಇರುಳಿನ ಕಡೆಗೆ ಸರಿಯುವುವೆಂಬುದನ್ನು ತೋರಿಸಿದರು. ಹಗಲು ಇರುಳುಗಳಲ್ಲಿ ಸರಿಸಮನಾಗಿ ತಿರುಗುವ ಪ್ರಾಣಿಯೊಂದು ಮನುಷ್ಯನ ಉಪದ್ರವವಿರುವಲ್ಲಿ ತನ್ನ ಓಡಾಟದ ನೂರಕ್ಕೆ ೬೮ ಪಾಲನ್ನು ಇರುಳಿಗೆ ಹಾಕಿಕೊಳ್ಳುವುದೆಂದು ಅವರ ಲೆಕ್ಕ. ಕೊಲ್ಲುವವನಿಗೆ ಮಾತ್ರವಲ್ಲ, ಸುಮ್ಮನೆ ತಿರುಗಾಡಲು ಬಂದವನಿಗೂ ಅವು ಹೀಗೆಯೇ ಹೆದರುವುವು. ಹಾಗಾದರೆ ಕೊಯೋಟೆಯನ್ನು ಇರುಳಿಗೆ ಅಟ್ಟಿದುದು ಬಹುಮಟ್ಟಿಗೆ ಮನುಷ್ಯನೇ. ಅಟ್ಟಿದಮೇಲೆ, ಅದು ಇರುಳಿನಲ್ಲಿದೆಯೆಂಬ ಕಾರಣದಿಂದ ದೀಪ ಹಿಡಿದು ಇರುಳಿಗೂ ಹೊರಟವನೂ ಅವನೇ.

ಕೊಂದುದರಿಂದ ಕೊಯೋಟೆಗಳ ಸಂಖ್ಯೆಯಾದರೂ ಇಳಿಯಿತೆ? ಟೆಕ್ಸಾಸಿನಲ್ಲಿ ಫ್ರೆಡರಿಕ್ ನೌಲ್ಟನ್ ಎಂಬ ಶಾಸ್ತ್ರಜ್ಞರು ೧೯೭೨ರಲ್ಲಿ ಪ್ರಕಟಿಸಿದ ಅಧ್ಯಯನವು, ಬಹಳವಾಗಿ ಕೊಲ್ಲುವ ಪ್ರದೇಶಗಳಲ್ಲಿ ಒಂದೊಂದು ಹೆಣ್ಣು ಹಾಕುವ ಮರಿಗಳ ಸಂಖ್ಯೆಯು ಕಾಟವಿಲ್ಲದ ಪ್ರದೇಶಗಳಿಗಿಂತ ಹೆಚ್ಚೆಂದು ತಿಳಿಸಿತು. ೧೯೭೫ರಲ್ಲಿ ಕಾನೊಲಿ ಮತ್ತು ಲಾಂಗ್‌ಹರ್ಸ್ಟ್ ಎಂಬುವರು ಗಣಕದಿಂದ ಲೆಕ್ಕಹಾಕಿ, ಪ್ರತಿವರ್ಷವೂ ನೂರಕ್ಕೆ ೭೫ರಂತೆ ಕೊಲ್ಲುತ್ತ ಹೋದರೂ ಒಂದು ಪ್ರದೇಶದ ಕೊಯೋಟೆಗಳು ಪೂರ್ತಿ ಅಳಿಯಲು ೫೦ ವರ್ಷಗಳಿಗಿಂತ ಹೆಚ್ಚು ಹಿಡಿಯುವುದೆಂದು ಕಂಡುಕೊಂಡರು. ತೆರವಾದ ಸ್ಥಳಕ್ಕೆ ನೆರೆಯಿಂದ ಎಳೆಯ ಕೊಯೋಟೆಗಳು ಬಂದು ಸೇರುವುವು. ಉಳಿದವಕ್ಕೆ ಆಹಾರವು ಯಥೇಚ್ಛವಾಗುವುದು. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಮುಖ್ಯವಾಗಿ ಪಶ್ಚಿಮದ ಬಯಲುಗಳ ಮೃಗವಾಗಿದ್ದ ಕೊಯೋಟೆಯು, ತನ್ನ ಶತ್ರುವಾದ ದೊಡ್ಡ ತೋಳವನ್ನು ಮನುಷ್ಯನು ನಿರ್ಮೂಲಮಾಡಿದ ದಾರಿಯಲ್ಲಿಯೇ ಪೂರ್ವಕ್ಕೆ ಹರಡಿ ಅಟ್ಲಾಂಟಿಕ್ ತೀರವನ್ನು ಸೇರಿತು. ದಕ್ಷಿಣದಲ್ಲಿ ಪನಾಮಾ ಕಾಲುವೆಯನ್ನೂ ದಾಟಿತು. ಹವಾಯಿ ಒಂದನ್ನು ಬಿಟ್ಟು ಸಂಯುಕ್ತ ಸಂಸ್ಥಾನಗಳ ಎಲ್ಲ ಸಂಸ್ಥಾನಗಳಲ್ಲಿಯೂ ಇಂದು ಅದು ಇದೆ. ಯುದ್ಧ ಸಾರಿದವರ ರಾಜ್ಯವು ಹೀಗೆ ಶತ್ರುವಿಗೆ ದೊರೆತ ದೃಷ್ಟಾಂತವು ಮನುಷ್ಯರ ಚರಿತ್ರೆಯಲ್ಲಿಯೂ ಅಪರೂಪ.

ಕುರಿಗಾರನ ಕಷ್ಟಕ್ಕೆ ಹಾಗಾದರೆ ದಾರಿಯೇ ಇಲ್ಲವೆಂದಲ್ಲ. ಕ್ಯಾಲಿಫೋರ್ನಿಯಾದ ಹಾಪ್ಲೆಂಡಿನಲ್ಲಿ ನಡೆದ ಅಧ್ಯಯನಗಳಿಂದ, ಕುರಿಗಳನ್ನು ಕೊಲ್ಲುವವು ಮುಖ್ಯವಾಗಿ ಆ ಸೀಮೆಯಲ್ಲಿ ನೆಲೆಯೂರಿ ಮರಿಗಳನ್ನು ಸಾಕುವ ಜೋಡಿಗಳೆಂದು ತಿಳಿದುಬಂದಿತು. ಅಂದಮೇಲೆ ಎಷ್ಟನ್ನು ಕೊಂದೆವೆಂಬುದಕ್ಕಿಂತ ಯಾವುದನ್ನು ಕೊಂದೆವೆಂಬುದೇ ಮುಖ್ಯವಾಯಿತು. ಪೀಪಿಯ ಕರೆಗೆ ಮರುಳಾಗಿ ದೀಪದ ಮುಂದೆ ಬಂದು ನಿಲ್ಲುವ ಎಳೆಯ ಕೊಯೋಟೆಯೇ ಕುರಿಯ ಕಳ್ಳನೆಂದು ಯಾರು ಹೇಳಬಲ್ಲರು? ಮಂದೆಯೊಡನೆಯೇ ಬೆಳೆದ ದೊಡ್ಡ ಕಾವಲುನಾಯಿಗಳನ್ನು ಇಡುವ ಯೂರೋಪಿನ ಹಳೆಯ ಪದ್ಧತಿಯು ೧೯೭೦ರ ದಶಕದಿಂದ ಅಮೆರಿಕದಲ್ಲಿಯೂ ಹಬ್ಬಿ ಅನೇಕ ಕುರಿಗಾರರಿಗೆ ನೆರವಾಗಿದೆ. ಇರುಳಿನಲ್ಲಿ ಕುರಿಗಳನ್ನು ದೊಡ್ಡಿಗೆ ಕೂಡುವುದರಿಂದಲೂ ಪ್ರಯೋಜನವುಂಟು. ನಮ್ಮ ಹಳ್ಳಿಗರಿಗೆ ಇದು ಸಂಶೋಧನೆಯೆಂದೇ ತೋರದಿರಬಹುದು. ಸಾವಿರಾರು ಕುರಿಗಳಿಗೆ ಒಬ್ಬಿಬ್ಬರು ಮಾತ್ರ ಇರುವ ಆ ದೇಶದಲ್ಲಿ ಅದು ಸುಲಭವಲ್ಲ.

ಇನ್ನು ಆರಂಭದಲ್ಲಿ ಸೂಚಿಸಿದ ಬೇರೊಂದು ಮೃಗದ ಮಾತು. ಅಮೆರಿಕದ ಆಗ್ನೇಯ ಭಾಗದಲ್ಲಿ ‘ಕೆಂಪು ತೋಳ’ವೆಂಬ ಜಾತಿಯೊಂದು ಹಿಂದೆ ವಿಪುಲವಾಗಿತ್ತು. ಆಕಾರದಲ್ಲಿ ಅದು ಕೊಯೋಟೆಗಿಂತ ಸ್ವಲ್ಪ ದೊಡ್ಡದು, ಕಾಲು ಉದ್ದ, ತಲೆ ಅಗಲ. ಬಣ್ಣದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಮನುಷ್ಯನ ಬೇಟೆಯಿಂದಲೂ ಕೊಯೋಟೆಗಳೊಡನೆ ಸಂಕರವಾದುದರಿಂದಲೂ ಅದು ಕ್ಷೀಣಿಸಿ, ೧೯೮೦ರಲ್ಲಿ ಕಾಡಿನಲ್ಲಿ ನಿರ್ವಂಶವಾಯಿತೆಂದು ಘೋಷಿಸಲ್ಪಟ್ಟಿತು. ಅಷ್ಟರೊಳಗಾಗಿ ಉಳಿದ ಕೆಲವನ್ನು ಹಿಡಿದು ಪಂಜರಗಳಲ್ಲಿ ಸಂತತಿ ಬೆಳೆಯಿಸಿದ್ದುದು ಪುಣ್ಯ. ೧೯೮೭ರಲ್ಲಿ ಉತ್ತರ ಕರೋಲಿನಾ ಸಂಸ್ಥಾನದ ಅಲಿಗೇಟರ್ ನದಿಯ ಅಭಯಾರಣ್ಯದಲ್ಲಿ ಅವುಗಳನ್ನು ಮತ್ತೆ ಬಿಟ್ಟರು. ಮೆಲ್ಲಮೆಲ್ಲಗೆ ಅವು ಹೆಚ್ಚಿ ಈ ಶತಮಾನದ ಮೊದಲ ದಶಕದಲ್ಲಿ ನೂರನ್ನು ಮೀರಿದುವು. ಪ್ರಪಂಚದಲ್ಲಿ ಕೆಂಪು ತೋಳವು ಸ್ವತಂತ್ರವಾಗಿ ತಿರುಗುತ್ತಿದ್ದ ಸ್ಥಳವು ಅದೊಂದೇ.

೨೦೧೨ರಲ್ಲಿ ಆ ಸಂಸ್ಥಾನದ ವನ್ಯಜೀವಿ ಮಂಡಲಿಯು ಕೊಯೋಟೆಗಳನ್ನು ಇರುಳಿನಲ್ಲಿ ದೀಪದ ಸಹಾಯದಿಂದ ಕೊಲ್ಲಬಹುದೆಂದು ನಿಯಮಮಾಡಿತು. ಕೆಂಪು ತೋಳಗಳಿರುವ ಐದು ಜಿಲ್ಲೆಗಳಿಗೂ ಆ ನಿಯಮವು ಅನ್ವಯಿಸಿತು. ಹಗಲಿನಲ್ಲಿಯೇ ಕೈಯಲ್ಲಿ ಪುಸ್ತಕವಿಟ್ಟುಕೊಂಡು ಗುರುತಿಸುವುದು ಕಷ್ಟವಾದ ಎರಡು ಮೃಗಗಳನ್ನು, ಕತ್ತಲೆಯಲ್ಲಿ, ದೀಪಕ್ಕೆ ಹೊಳೆಯುವ ಎರಡು ಕಣ್ಣುಗಳಿಂದ ಬೇರ್ಪಡಿಸುವುದು ಹೇಗೆ? ಕಣ್ಣಿನ ಹೊಳಪಿಗೆ ಜಾತಿಯಿಲ್ಲ. ಶಾಖದ ದುರ್ಬೀನಿನಲ್ಲಿ ಕೆಂಪೂ ಇಲ್ಲ, ಬೂದಿಯೂ ಇಲ್ಲ. ನಾಲ್ಕು ಕಾಲಿನ ಒಂದು ಬಿಳಿಯ ಆಕೃತಿ ಮಾತ್ರ ಉಂಟು. ಕೊಯೋಟೆಯೆಂದು ಭ್ರಮಿಸಿ ಗುಂಡಿಟ್ಟ ಬೇಟೆಗಾರರಿಂದ ತೋಳಗಳು ಸಾಯುತ್ತಿದ್ದುವು. ಗುಂಡಿಟ್ಟವರಲ್ಲಿ ಕೆಲವರಾದರೂ ಕೊರಳಪಟ್ಟಿಯನ್ನು ಕಂಡು ಮರುಗಿರಬೇಕೆಂದು ನಾವು ನಂಬುತ್ತೇವೆ. ಎಲ್ಲರೂ ದುರುಳರೆಂದು ಹೇಳುವುದು ನ್ಯಾಯವಲ್ಲ. ಒಂದು ತೋಳ ಸತ್ತರೆ ಅದರ ಜೋಡಿಯು ಒಂಟಿಯಾಗಿ, ತನ್ನವರು ಯಾರೂ ದೊರೆಯದೆ, ಕೊಯೋಟೆಯೊಡನೆಯೇ ಕೂಡಿಕೊಳ್ಳುವುದು. ಅಲ್ಲಿಗೆ ಮುಂದಿನ ಸಂತತಿಯೂ ಕೆಟ್ಟಿತು. ಹೀಗೆ ಒಂದು ಗುಂಡಿಗೆ ಎರಡು ನಷ್ಟ.

ತೋಳದ ರಕ್ಷಣೆಗೆಂದು ನಿಂತ ಸಂಘಗಳು ನ್ಯಾಯಾಸ್ಥಾನದ ಮೊರೆಹೊಕ್ಕವು. ೨೦೧೪ರ ಮೇ ತಿಂಗಳಲ್ಲಿ ಕೇಂದ್ರ ನ್ಯಾಯಾಧೀಶರಾದ ಟೆರೆನ್ಸ್ ಬಾಯ್ಲ್ ಅವರು ಆ ಐದು ಜಿಲ್ಲೆಗಳಲ್ಲಿ ಕೊಯೋಟೆಯ ಬೇಟೆಯನ್ನು, ಕೆಲವು ವಿನಾಯಿತಿಗಳ ಹೊರತು, ಹಗಲೂ ಇರುಳೂ ತಾತ್ಕಾಲಿಕವಾಗಿ ನಿಲ್ಲಿಸಿ ಆಜ್ಞೆಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ಉಭಯ ಪಕ್ಷದವರಿಗೂ ರಾಜಿಯಾಯಿತು. ರಾಜಿಯ ಸಾರಾಂಶವು ನಮ್ಮ ಈ ಪ್ರಬಂಧದ ವಿಷಯವೇ: ಹಗಲುಬೇಟೆಗೆ ರಹದಾರಿ ಪಡೆಯಬೇಕು, ಕೊಂದುದನ್ನು ವರದಿಮಾಡಬೇಕು, ಇರುಳುಬೇಟೆಯು ಕೂಡದು. ಶತಮಾನಗಳ ವಿನೋದವೂ ವೈರವೂ ಕಡೆಗೆ ಸೂರ್ಯೋದಯ ಸೂರ್ಯಾಸ್ತಗಳ ಗೆರೆಗೆ ಬಂದು ನಿಂತವು. ಆದರೆ ಕಾಲ ಮೀರಿತ್ತು. ಗುಂಡು, ವಾಹನ, ಸಂಕರ, ಸ್ಥಳೀಕರ ವಿರೋಧ, ಅಧಿಕಾರಿಗಳ ಔದಾಸೀನ್ಯ, ಇವೆಲ್ಲ ಸೇರಿ ೨೦೨೦ರ ಹೊತ್ತಿಗೆ ಕಾಡಿನ ಕೆಂಪು ತೋಳಗಳು ಇಪ್ಪತ್ತಕ್ಕಿಂತಲೂ ಕಡಿಮೆಯಾಗಿದ್ದುವು. ತರುವಾಯ ಪಂಜರದಿಂದ ಮತ್ತೆ ಕೆಲವನ್ನು ತಂದು ಬಿಟ್ಟಿರುವರು. ಅವುಗಳ ಕೊರಳಿಗೆ ಕಿತ್ತಳೆ ಬಣ್ಣದ ಹೊಳೆಯುವ ಪಟ್ಟಿಯನ್ನು ಕಟ್ಟಿ, ದೂರದಿಂದಲೇ ‘ನಾನು ಕೊಯೋಟೆಯಲ್ಲ’ ಎಂದು ಹೇಳಿಸುವ ಏರ್ಪಾಡಾಗಿದೆ.

ಬಹುಮಾನಕ್ಕಾಗಿ ಕೊಯೋಟೆಗಳನ್ನು ಕೊಲ್ಲುವ ಪಂದ್ಯಗಳನ್ನು ೨೦೧೪ರಲ್ಲಿ ಕ್ಯಾಲಿಫೋರ್ನಿಯಾ, ೨೦೧೮ರಲ್ಲಿ ವರ್ಮಾಂಟ್, ೨೦೧೯ರಲ್ಲಿ ನ್ಯೂ ಮೆಕ್ಸಿಕೋ ನಿಷೇಧಿಸಿದುವು. ಬೇರೆ ಅನೇಕ ಸಂಸ್ಥಾನಗಳಲ್ಲಿ ವರ್ಷವಿಡೀ ಬೇಟೆಗೆ ಅಡ್ಡಿಯಿಲ್ಲ. ಶಿಕಾಗೋ ನಗರದಲ್ಲಿ ಸ್ಟ್ಯಾನ್ಲಿ ಗೆರ್ಟ್ ಎಂಬ ವಿದ್ವಾಂಸರು ೨೦೦೦ದಿಂದ ಕೊಯೋಟೆಗಳನ್ನು ಹಿಂಬಾಲಿಸುತ್ತಿದ್ದಾರೆ. ಅಲ್ಲಿ ಅವು ರೈಲುದಾರಿಯ ಬದಿಯಲ್ಲಿಯೂ ಉದ್ಯಾನಗಳ ಪೊದೆಗಳಲ್ಲಿಯೂ ಹಗಲೆಲ್ಲ ಮಲಗಿದ್ದು, ಜನಸಂಚಾರವು ಅಡಗಿದಮೇಲೆ ಹೊರಬರುವುವು. ಲಕ್ಷಾಂತರ ಜನರು ತಮ್ಮ ಮನೆಯ ಹಿಂದೆಯೇ ಒಂದು ಕಾಡುಮೃಗವಿದೆಯೆಂಬುದನ್ನು ಅರಿಯದೆಯೇ ನಿದ್ರಿಸುತ್ತಾರೆ.

ಯೆಲ್ಲೋಸ್ಟೋನ್ ಉದ್ಯಾನದಲ್ಲಿ ಮಾತ್ರ ಬೇರೊಂದು ದೃಶ್ಯವನ್ನು ಕಾಣಬಹುದು. ಒಂದು ಕಾಲದಲ್ಲಿ ಅಲ್ಲಿಯ ಅಧಿಕಾರಿಗಳೇ ಕೊಯೋಟೆಗಳನ್ನು ಕೊಲ್ಲಿಸುತ್ತಿದ್ದರು. ೧೯೩೦ರ ದಶಕದಲ್ಲಿ ಅದು ನಿಂತಿತು. ಕೊಲ್ಲುವುದು ಸರಿಯೋ ತಪ್ಪೋ ಎಂಬುದನ್ನು ಪರೀಕ್ಷಿಸಲು ಬಂದ ಅಡಾಲ್ಫ್ ಮ್ಯೂರಿ ಎಂಬ ಶಾಸ್ತ್ರಜ್ಞರು ಕೊಯೋಟೆಯ ೫,೦೮೬ ಹಿಕ್ಕೆಗಳನ್ನು ಹೆಕ್ಕಿ ಬಿಡಿಸಿ ನೋಡಿ, ಅದರ ಆಹಾರದಲ್ಲಿ ಹೆಚ್ಚಿನ ಪಾಲು ಇಲಿ ಹೆಗ್ಗಣಗಳಂಥ ಸಣ್ಣ ಪ್ರಾಣಿಗಳೆಂದು ೧೯೪೦ರಲ್ಲಿ ವರದಿಮಾಡಿದರು. ಅಲ್ಲಿಯ ಲಾಮರ್ ಕಣಿವೆಯಲ್ಲಿ ಚಳಿಗಾಲದ ನಡುಹಗಲಿನಲ್ಲಿ, ರಸ್ತೆಯ ಬದಿಯಲ್ಲಿ ನಿಂತ ಜನರನ್ನು ಲಕ್ಷಿಸದೆ, ಕೊಯೋಟೆಯೊಂದು ಮಂಜಿನ ಮೇಲೆ ಕಿವಿ ಬಾಗಿಸಿ ನಿಲ್ಲುವುದುಂಟು. ಮೊಣಕಾಲುದ್ದದ ಮಂಜಿನ ಕೆಳಗೆ ಇಲಿಯು ಸರಿದಾಡುವ ಸಪ್ಪುಳವನ್ನು ಅದು ಕೇಳುತ್ತಿರುತ್ತದೆ. ಸ್ವಲ್ಪ ಹೊತ್ತಿನಮೇಲೆ ನಾಲ್ಕು ಕಾಲುಗಳನ್ನೂ ಒಟ್ಟಿಗೆ ನೆಲದಿಂದ ಎತ್ತಿ, ಬಿಸಿಲಿನಲ್ಲಿ ಕಮಾನಿನಂತೆ ಹಾರಿ, ಮೂತಿಯನ್ನು ಮುಂದುಮಾಡಿ ಮಂಜಿನೊಳಕ್ಕೆ ಧುಮುಕುವುದು.